ಕೈಕೊಟ್ಟ ಪೋರ್ಟಬಲ್ ಹಾರ್ಡ್ ಡಿಸ್ಕ್‌ನಿಂದ ಫೈಲ್‌ಗಳನ್ನು ಹೊರತೆಗೆಯುವ ಕ್ರಮ

ನಿನ್ನೆಯವರೆಗೆ ಸರಿಯಾಗಿ ತೆರೆದುಕೊಳ್ಳುತ್ತಿದ್ದ ಪೋರ್ಟಬಲ್ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿದಾಗ, ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಪರದೆಯ ಮೇಲೆ ಬಂದರೆ, ಆ ಹೊತ್ತಿನಲ್ಲಿ ಒಳಗಿನ ಫೈಲ್‌ಗಳಲ್ಲಿ ಬಹುಪಾಲು ಇನ್ನೂ ಇದ್ದಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಅವು ಕೈತಪ್ಪಿ ಹೋಗುವುದು ಅನೇಕ ಬಾರಿ ಆ ಸಂದೇಶದ ನಂತರ, ಗಾಬರಿಯಲ್ಲಿ ಮಾಡಿದ ಪ್ರಯತ್ನಗಳಿಂದ. ಆದ್ದರಿಂದ ಈ ಲೇಖನದ ಎಲ್ಲ ಹೆಜ್ಜೆಗಳೂ ಒಂದೇ ನಿಯಮದ ಸುತ್ತ ನಿಂತಿವೆ: ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು; ಮೊದಲು ಅದರ ಪೂರ್ಣ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬೇಕು; ಹುಡುಕಾಟ, ದುರಸ್ತಿ, ಪ್ರಯೋಗ ಏನಿದ್ದರೂ ಆ ಪ್ರತಿಯ ಮೇಲೆ ನಡೆಯಬೇಕು.

ಉದಾಹರಣೆಗಾಗಿ ನಮ್ಮಲ್ಲಿ ಬಹಳ ಮನೆಗಳಲ್ಲಿ, ಫೋಟೊ ಸ್ಟುಡಿಯೊಗಳಲ್ಲಿ ಇರುವಂಥ 1 ಟಿಬಿ ಸಾಮರ್ಥ್ಯದ, ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ ಪಡೆಯುವ 2.5 ಇಂಚಿನ ಡಿಸ್ಕನ್ನು ಇಟ್ಟುಕೊಳ್ಳೋಣ. ವಿಂಡೋಸ್ ಕಂಪ್ಯೂಟರಿನಲ್ಲಿ ಬಳಸಿದ್ದರೆ ಅದರ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಆಗಿರುತ್ತದೆ. ಟಿವಿಗೂ ಮ್ಯಾಕ್‌ಗೂ ಹಂಚಿಕೊಂಡು ಬಳಸುವವರು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಇಟ್ಟುಕೊಂಡಿರುತ್ತಾರೆ. ಈ ಎರಡನೆಯದು ಹೆಚ್ಚು ಸೂಕ್ಷ್ಮ. ಎನ್‌ಟಿಎಫ್‌ಎಸ್ ತಾನು ಮಾಡಲಿರುವ ಬದಲಾವಣೆಗಳನ್ನು ಮೊದಲು ಒಂದು ದಾಖಲೆಯಲ್ಲಿ ಬರೆದಿಟ್ಟುಕೊಳ್ಳುವುದರಿಂದ, ನಡುವೆ ಕರೆಂಟು ಹೋದರೂ ಎಷ್ಟೋ ಸಲ ತಾನೇ ಸರಿಪಡಿಸಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಅಂಥ ದಾಖಲೆ ಇಲ್ಲದ ಕಾರಣ, ಟಿವಿಗೆ ಸಿಕ್ಕಿಸಿದ ಡಿಸ್ಕನ್ನು ಹಾಗೆಯೇ ಎಳೆದು ತೆಗೆದರೂ ಅದು ಕೆಡಬಹುದು.

ಫೈಲ್ ಸಿಸ್ಟಮ್ ಕೆಟ್ಟಿದೆ ಎಂದರೆ ಏನಾಗಿದೆ ಎಂಬುದನ್ನು ಅರಿತರೆ ಮುಂದಿನ ಎಚ್ಚರಿಕೆಗಳ ಅರ್ಥ ತಾನಾಗಿ ಹೊಳೆಯುತ್ತದೆ. ಯಾವ ಫೈಲ್ ಡಿಸ್ಕಿನ ಯಾವ ಭಾಗದಲ್ಲಿದೆ, ಅದರ ಹೆಸರೇನು, ಗಾತ್ರವೆಷ್ಟು ಎಂಬ ವಿವರ ಒಂದು ಪ್ರತ್ಯೇಕ ಕೋಷ್ಟಕದಲ್ಲಿ ಇರುತ್ತದೆ. ಜಮೀನು ಇದ್ದಲ್ಲಿಯೇ ಇದ್ದು ಪಹಣಿಯ ಪುಟ ಮಾತ್ರ ಹರಿದುಹೋದ ಸ್ಥಿತಿ ಇದು. ಕ್ವಿಕ್ ಫಾರ್ಮ್ಯಾಟ್ ಎಂಬುದು ಹಳೆಯ ಪುಟದ ಜಾಗದಲ್ಲಿ ಹೊಸ ಖಾಲಿ ಪುಟವನ್ನು ಅಂಟಿಸುತ್ತದೆ. ಜಮೀನನ್ನು ಅದು ಮುಟ್ಟುವುದಿಲ್ಲ. ಆದರೆ ವಿಂಡೋಸ್ ವಿಸ್ತಾ ಬಂದ ಕಾಲದಿಂದ ಈಚೆಗೆ, ಕ್ವಿಕ್ ಎಂಬ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ, ವಿಂಡೋಸ್ ಆ ಪಾರ್ಟಿಷನ್‌ನ, ಅಂದರೆ ಡಿಸ್ಕಿನ ಆ ವಿಭಾಗದ, ಉದ್ದಕ್ಕೂ ಸೊನ್ನೆಗಳನ್ನು ಬರೆಯುತ್ತದೆ. ಅದಾದ ಮೇಲೆ ಯಾವ ತಂತ್ರಾಂಶವೂ, ಯಾವ ಪ್ರಯೋಗಾಲಯವೂ ಏನನ್ನೂ ಮರಳಿ ತರಲಾರದು.

ಮೊದಲ ಹೆಜ್ಜೆ: ಕೈ ಕಟ್ಟಿಕೊಳ್ಳುವುದು

ಫಾರ್ಮ್ಯಾಟ್ ಸಂದೇಶಕ್ಕೆ ಕ್ಯಾನ್ಸಲ್ ಒತ್ತಿ, ಡಿಸ್ಕನ್ನು ಬಿಡಿಸಿ ಪಕ್ಕಕ್ಕಿಡಿ. ಅದರೊಳಕ್ಕೆ ಹೊಸ ಫೈಲ್ ಹಾಕುವುದು, ರಿಕವರಿ ತಂತ್ರಾಂಶವನ್ನು ಅದರಲ್ಲಿಯೇ ಇನ್‌ಸ್ಟಾಲ್ ಮಾಡುವುದು, ಹೊರತೆಗೆದ ಫೈಲ್‌ಗಳನ್ನು ಅದೇ ಡಿಸ್ಕಿಗೆ ಉಳಿಸುವುದು ಇವೆಲ್ಲ ನಿಷಿದ್ಧ. ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿಸುವುದೂ ಈಗ ಬೇಡ, ಏಕೆಂದರೆ ಸವೆದ ಡಿಸ್ಕಿಗೆ ಪ್ರತಿ ಓದೂ ಒಂದು ಹೊರೆಯೇ.

ಚೆಕ್‌ಡಿಸ್ಕ್ ಎಂಬ ವಿಂಡೋಸ್ ಆಜ್ಞೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಡಿಸ್ಕ್ ತೆರೆಯುತ್ತಿಲ್ಲ ಎಂದು ಯಾರನ್ನು ಕೇಳಿದರೂ ಬರುವ ಮೊದಲ ಸಲಹೆ ಅದನ್ನು ಓಡಿಸಿ ಎಂಬುದೇ. ಅದು ಕೆಟ್ಟ ಉಪಕರಣವಲ್ಲ, ಆದರೆ ಅದರ ಉದ್ದೇಶವೇ ಬೇರೆ. ಫೈಲ್ ಸಿಸ್ಟಮ್ ಮತ್ತೆ ಬಳಕೆಗೆ ಯೋಗ್ಯವಾಗುವಂತೆ ಮಾಡುವುದು ಅದರ ಕೆಲಸ. ನಿಮ್ಮ ಫೈಲ್‌ಗಳನ್ನು ಉಳಿಸುವುದು ಅದರ ಮೊದಲ ಹೊಣೆಯಲ್ಲ. ಕೋಷ್ಟಕದಲ್ಲಿ ಹೊಂದಿಕೆಯಾಗದ ನಮೂದು ಕಂಡರೆ ಅದನ್ನು ಅಳಿಸಿ, ವಾರಸುದಾರರಿಲ್ಲದ ತುಣುಕುಗಳನ್ನು ಫೌಂಡ್ ಎಂಬ ಅಡಗಿದ ಫೋಲ್ಡರ್‌ಗೆ ಸಿಎಚ್‌ಕೆ ಎಂಬ ವಿಸ್ತರಣೆಯ, ಹೆಸರಿಲ್ಲದ ಫೈಲ್‌ಗಳಾಗಿ ತಳ್ಳುತ್ತದೆ. ಹೀಗೆ ತಿದ್ದಿದ್ದನ್ನು ಹಿಂದಿನಂತೆ ಮಾಡುವ ದಾರಿ ಇಲ್ಲ. ಡಿಸ್ಕಿನ ಮೇಲ್ಮೈಯೇ ಸವೆಯುತ್ತಿದ್ದರಂತೂ ಆ ಆಜ್ಞೆ ಗಂಟೆಗಟ್ಟಲೆ ಅದೇ ಹಾಳಾದ ಭಾಗಗಳನ್ನು ಕೆದಕುತ್ತಾ ಕೂರುತ್ತದೆ. ಪ್ರತಿ ಕೈಗೆ ಬರುವ ಮುಂಚೆ ಅದನ್ನು ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮ್ಯಾಕ್‌ನ ಡಿಸ್ಕ್ ಯುಟಿಲಿಟಿಯಲ್ಲಿರುವ ಫಸ್ಟ್ ಏಡ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯ ಹೆಜ್ಜೆ: ಕಿವಿಗೊಟ್ಟು ಕೇಳುವುದು, ಕೇಬಲ್ ಬದಲಿಸಿ ನೋಡುವುದು

ದೋಷ ತರ್ಕದ ಮಟ್ಟದ್ದೋ (ಕೋಷ್ಟಕ ಕೆಟ್ಟದ್ದೋ) ಯಂತ್ರದ ಮಟ್ಟದ್ದೋ (ಬಿಡಿಭಾಗ ಕೆಟ್ಟದ್ದೋ) ಎಂಬುದನ್ನು ತಿಳಿಯದೆ ಮುಂದಕ್ಕೆ ಹೋಗಬಾರದು. ಡಿಸ್ಕನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಒಮ್ಮೆ ಜೋಡಿಸಿ, ಕಿವಿ ಹತ್ತಿರ ತಂದು ಕೇಳಿ. ಸಣ್ಣಗೆ ಒಂದೇ ಸಮನೆ ತಿರುಗುವ ಸದ್ದು ಬಂದರೆ ಒಳ್ಳೆಯ ಲಕ್ಷಣ. ಟಕ್ ಟಕ್ ಎಂದು ಸಮಾನ ಅಂತರದಲ್ಲಿ ಬಡಿಯುವ ಸದ್ದು ಬಂದರೆ, ಓದುವ ತಲೆ ತನ್ನ ಜಾಗವನ್ನು ಹುಡುಕಲಾಗದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದರ್ಥ. ತಿರುಗಲು ಶುರುವಾಗಿ ಕೆಲವು ಸೆಕೆಂಡುಗಳಲ್ಲಿ ನಿಂತುಹೋಗುವುದು ಕೂಡ ಅದೇ ಬಗೆಯ ಸೂಚನೆ. ತಿರುಗದೆ ಕೇವಲ ಬೀಪ್ ಎಂದು ನರಳಿದರೆ ತಲೆಗಳು ತಟ್ಟೆಗೆ ಅಂಟಿಕೊಂಡಿರಬಹುದು, ಇಲ್ಲವೇ ಮೋಟರಿಗೆ ಸಾಕಷ್ಟು ವಿದ್ಯುತ್ ಸಿಗುತ್ತಿಲ್ಲದಿರಬಹುದು.

ಈ ಕೊನೆಯ ಸಂಶಯವನ್ನು ಪರಿಹರಿಸಿಕೊಳ್ಳುವುದು ಸುಲಭ. ಡೆಸ್ಕ್‌ಟಾಪ್ ಪೆಟ್ಟಿಗೆಯ ಮುಂಭಾಗದ ಪೋರ್ಟನ್ನೂ ಯುಎಸ್‌ಬಿ ಹಬ್ಬನ್ನೂ ಬಿಟ್ಟು, ಹಿಂಭಾಗದಲ್ಲಿ ಮದರ್‌ಬೋರ್ಡಿಗೆ ನೇರವಾಗಿ ಸೇರಿದ ಪೋರ್ಟಿಗೆ ಜೋಡಿಸಿ. ಗಟ್ಟಿಯಾಗಿ ಕೂರುವ, ಗಿಡ್ಡನೆಯ ಬೇರೆ ಕೇಬಲ್ ಬಳಸಿ. ಬೇರೆ ಕಂಪ್ಯೂಟರಿನಲ್ಲಿ ನೋಡಿ. ಅಗಲ ಬಾಯಿಯ ಮೈಕ್ರೊ-ಬಿ ಕನೆಕ್ಟರ್ ಇರುವ ಡಿಸ್ಕ್‌ಗಳಲ್ಲಿ ಕೇಬಲ್ ಸಡಿಲವಾಗಿ ಡಿಸ್ಕ್ ಬಂದು ಹೋಗುವುದು ತೀರ ಸಾಮಾನ್ಯ, ಮತ್ತು ಕೆಲವೊಮ್ಮೆ ಇಡೀ ಸಮಸ್ಯೆ ಇಲ್ಲಿಗೇ ಮುಗಿದುಹೋಗುತ್ತದೆ. ಹಾಗೆ ಡಿಸ್ಕ್ ತೆರೆದುಕೊಂಡರೆ ಬೇರೇನೂ ಯೋಚಿಸದೆ, ತೀರಾ ಬೇಕಾದ ಫೋಲ್ಡರ್‌ಗಳಿಂದ ಆರಂಭಿಸಿ ಎಲ್ಲವನ್ನೂ ನಕಲು ಮಾಡಿಕೊಳ್ಳಿ.

ಟಕ್ ಟಕ್ ಸದ್ದು, ಕೇಬಲ್ ಮತ್ತು ಪೋರ್ಟ್ ಬದಲಿಸಿದರೂ ನಿಲ್ಲದ ಬೀಪ್, ಕೆಳಗೆ ಬಿದ್ದ ಚರಿತ್ರೆ, ಒಳಗೆ ನೀರು ಇವುಗಳಲ್ಲಿ ಒಂದಿದ್ದರೂ ಡಿಸ್ಕಿಗೆ ಮತ್ತೆ ವಿದ್ಯುತ್ ಕೊಡದೆ, ಈ ಲೇಖನದಲ್ಲಿ ಮುಂದೆ ಬರುವ ಪ್ರಯೋಗಾಲಯದ ಭಾಗಕ್ಕೆ ನೇರವಾಗಿ ಹೋಗಿ. ಹಾರ್ಡ್ ಡಿಸ್ಕಿನ ಓದುವ ತಲೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಕಣ್ಣಿಗೆ ಕಾಣದ ಧೂಳಿನ ಕಣವೂ ಆ ಅಂತರಕ್ಕಿಂತ ಎಷ್ಟೋ ದೊಡ್ಡದು. ಮುರಿದ ತಲೆಯೊಂದು ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯನ್ನು ಕೆರೆಯುತ್ತಿದ್ದರೆ, ಇನ್ನೊಮ್ಮೆ ನೋಡೋಣ ಎಂಬ ಪ್ರತಿ ಪ್ರಯತ್ನವೂ ಡೇಟಾ ಇರುವ ಪದರವನ್ನೇ ಉಜ್ಜಿ ತೆಗೆಯುತ್ತದೆ. ಫ್ರೀಜರಿನಲ್ಲಿಟ್ಟು ತೆಗೆಯುವ ಹಳೆಯ ಉಪಾಯವನ್ನು ಇಂದಿನ ಡಿಸ್ಕ್‌ಗಳ ಮೇಲೆ ಪ್ರಯೋಗಿಸಬೇಡಿ, ಹೊರಗೆ ತೆಗೆದ ಕೂಡಲೇ ತಟ್ಟೆಯ ಮೇಲೆ ತೇವ ಕೂರುತ್ತದೆ.

ಮೂರನೆಯ ಹೆಜ್ಜೆ: ಕಂಪ್ಯೂಟರ್ ಏನು ಹೇಳುತ್ತಿದೆ ಎಂದು ಓದುವುದು

ಸದ್ದು ಸರಿಯಾಗಿದ್ದರೆ ವಿಂಡೋಸ್ ಕೀಲಿಯನ್ನೂ ಎಕ್ಸ್ ಕೀಲಿಯನ್ನೂ ಒಟ್ಟಿಗೆ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ನೋಡಬೇಕಾದ ಮೊದಲ ಅಂಶ ಸಾಮರ್ಥ್ಯ. 1 ಟಿಬಿ ಡಿಸ್ಕ್ ಸುಮಾರು 931 ಜಿಬಿ ಎಂದು ಕಾಣಬೇಕು; ಕಂಪನಿ ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ವ್ಯತ್ಯಾಸ ಸಹಜ. ಸಾಮರ್ಥ್ಯ ಸರಿಯಿದ್ದು ಪಾರ್ಟಿಷನ್ ರಾ ಎಂದು ತೋರಿಸಿದರೆ ಫೈಲ್ ಸಿಸ್ಟಮ್ ಕೆಟ್ಟಿದೆ. ಪಾರ್ಟಿಷನ್ನೇ ಇಲ್ಲದೆ ಇಡೀ ಜಾಗ ಅನ್‌ಅಲೊಕೇಟೆಡ್ ಎಂದಿದ್ದರೆ ಪಾರ್ಟಿಷನ್ ಪಟ್ಟಿ ಕಳೆದುಹೋಗಿದೆ. ಇವೆರಡರಲ್ಲೂ ಆಶೆ ಇಟ್ಟುಕೊಳ್ಳಬಹುದು. ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕೆ ಎಂದು ಕೇಳಿದರೆ ಬೇಡ ಎನ್ನಿ. ಸಾಮರ್ಥ್ಯ ಸೊನ್ನೆ ಎಂದೋ ನೋ ಮೀಡಿಯಾ ಎಂದೋ ಬಂದರೆ, ಡಿಸ್ಕಿನ ಎಲೆಕ್ಟ್ರಾನಿಕ್ಸ್ ಅಥವಾ ಅದರ ಒಳಗಿನ ಫರ್ಮ್‌ವೇರ್ ಎದ್ದಿಲ್ಲ. ಅಲ್ಲಿ ತಂತ್ರಾಂಶಗಳಿಗೆ ಕೆಲಸವಿಲ್ಲ.

ಬೀಗದ ಚಿಹ್ನೆ ಕಂಡರೆ ಅಥವಾ ಡಿಸ್ಕಿಗೆ ಹಿಂದೆ ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಬೀಗ) ಹಾಕಿದ್ದು ನೆನಪಿದ್ದರೆ 48 ಅಂಕಿಗಳ ರಿಕವರಿ ಕೀಲಿಯನ್ನು ಈಗಲೇ ಹುಡುಕಿಟ್ಟುಕೊಳ್ಳಿ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದು, ಮುದ್ರಿಸಿಟ್ಟ ಕಾಗದದಲ್ಲಿರಬಹುದು. ಪಾಸ್‌ವರ್ಡ್ ಆಗಲಿ ಆ ಕೀಲಿಯಾಗಲಿ ಇಲ್ಲದಿದ್ದರೆ, ಡಿಸ್ಕಿನ ಪೂರ್ಣ ಪ್ರತಿ ಕೈಯಲ್ಲಿದ್ದರೂ ಅದು ಅರ್ಥವಿಲ್ಲದ ಬಿಟ್‌ಗಳ ರಾಶಿ ಅಷ್ಟೆ.

ಇನ್ನು ಡಿಸ್ಕಿನ ಆರೋಗ್ಯ. ಪ್ರತಿ ಹಾರ್ಡ್ ಡಿಸ್ಕೂ ಸ್ಮಾರ್ಟ್ ಎಂಬ ಹೆಸರಿನಲ್ಲಿ ತನ್ನ ದೋಷಗಳ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಮುಖ್ಯವಾಗಿ ಮೂರು ಸಾಲುಗಳನ್ನು ನೋಡಿ: 05 ಎಂಬುದು ಹಾಳಾಗಿ ಬದಲಿ ಜಾಗ ಪಡೆದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ಸಣ್ಣ ಖಂಡಗಳ) ಲೆಕ್ಕ, ಸಿ5 ಎಂಬುದು ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರ್‌ಗಳ ಲೆಕ್ಕ, ಸಿ6 ಎಂಬುದು ಸರಿಪಡಿಸಲಾಗದವುಗಳ ಲೆಕ್ಕ. ಮೂರೂ ಸೊನ್ನೆಯಾಗಿದ್ದರೆ ಯಂತ್ರ ಗಟ್ಟಿಯಾಗಿದೆ, ಕೆಟ್ಟಿರುವುದು ಕೋಷ್ಟಕ ಮಾತ್ರ ಎಂದು ಬಹುಮಟ್ಟಿಗೆ ನಂಬಬಹುದು. ಸಿ5ರಲ್ಲಿ ಸಂಖ್ಯೆ ಇದ್ದರೆ, ಅದರಲ್ಲೂ ಪ್ರತಿ ಸಲ ನೋಡಿದಾಗ ಏರುತ್ತಿದ್ದರೆ, ಡಿಸ್ಕ್ ಸಾಯುತ್ತಿದೆ. ತಡಮಾಡದೆ ಮುಂದಿನ ಹೆಜ್ಜೆಗೆ ಹೋಗಬೇಕು. ಆ ತಂತ್ರಾಂಶ ಕಚ್ಚಾ ಸಂಖ್ಯೆಗಳನ್ನು ಮೂಲತಃ ಹದಿನಾರರ ಮೂಲಮಾನದಲ್ಲಿ ತೋರಿಸುತ್ತದೆ ಎಂಬುದು ನೆನಪಿರಲಿ. ಅಲ್ಲಿ ಕಾಣುವ 10 ನಮ್ಮ ಲೆಕ್ಕದಲ್ಲಿ 16. ಮೆನುವಿನಲ್ಲಿ ಇದನ್ನು ದಶಮಾನಕ್ಕೆ ಬದಲಿಸಿಕೊಳ್ಳಬಹುದು.

ನಾಲ್ಕನೆಯ ಹೆಜ್ಜೆ: ಪೂರ್ಣ ಪ್ರತಿ ತೆಗೆಯುವುದು

ಈ ಕೆಲಸದ ಹೃದಯ ಇದೇ. ಫೈಲ್‌ಗಳನ್ನು ಒಂದೊಂದಾಗಿ ನಕಲು ಮಾಡುವ ಬದಲು, ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇರುವುದನ್ನೆಲ್ಲ ಹಾಗೆಯೇ ಒಂದು ದೊಡ್ಡ ಫೈಲ್ ಆಗಿ ಇಳಿಸಿಕೊಳ್ಳುತ್ತೇವೆ. ಇದಕ್ಕೆ ಇಮೇಜ್ ಎನ್ನುತ್ತಾರೆ. ಕೆಟ್ಟ ಡಿಸ್ಕಿನಲ್ಲಿ ಎಷ್ಟು ತುಂಬಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದರ ಒಟ್ಟು ಸಾಮರ್ಥ್ಯದಷ್ಟು ಖಾಲಿ ಜಾಗ ಬೇಕು. 1 ಟಿಬಿ ಡಿಸ್ಕಿನ ಇಮೇಜು ಇನ್ನೊಂದು ಫಾರ್ಮ್ಯಾಟ್ ಆದ 1 ಟಿಬಿ ಡಿಸ್ಕಿನೊಳಗೆ ಹಿಡಿಯುವುದಿಲ್ಲ. ಹೊರತೆಗೆದ ಫೈಲ್‌ಗಳಿಗೂ ಜಾಗ ಬೇಕಾಗುವುದರಿಂದ ಹೊಸದಾಗಿ ಕೊಳ್ಳುವುದಾದರೆ 2 ಟಿಬಿ ಡಿಸ್ಕನ್ನೇ ಕೊಳ್ಳಿ, ಮತ್ತು ಅದನ್ನು ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ನಿಲ್ಲುವುದಿಲ್ಲ. ಈ ಖರ್ಚನ್ನು ಉಳಿಸಲು ಹೋಗಿ ನೇರವಾಗಿ ಮೂಲ ಡಿಸ್ಕಿನ ಮೇಲೆ ರಿಕವರಿ ತಂತ್ರಾಂಶ ಓಡಿಸುವವರೇ ಹೆಚ್ಚು. ಡಿಸ್ಕಿನ ಆರೋಗ್ಯ ನಿಜಕ್ಕೂ ಚೆನ್ನಾಗಿದ್ದರೆ ಅದರಿಂದ ನಷ್ಟವಾಗದಿರಬಹುದು. ಆದರೆ ಆ ಭರವಸೆಯನ್ನು ಕೆಟ್ಟ ಡಿಸ್ಕಿನ ಮೇಲಿಡುವುದು ಎಷ್ಟು ಸರಿ ಎಂಬುದನ್ನು ನೀವೇ ತೂಗಿ ನೋಡಿ.

ಪ್ರತಿ ತೆಗೆಯಲು ನಂಬಬಹುದಾದ ಉಚಿತ ಸಾಧನ ಜಿಎನ್‌ಯು ಡಿಡಿರೆಸ್ಕ್ಯೂ. ಇದರ ಜಾಣತನ ಕ್ರಮದಲ್ಲಿದೆ. ಸಾಮಾನ್ಯ ಕಾಪಿ ಮಾಡುವಾಗ ಹಾಳಾದ ಭಾಗ ಎದುರಾದರೆ ವಿಂಡೋಸ್ ಅಲ್ಲಿಯೇ ಸಿಕ್ಕಿಕೊಂಡು, ಕೊನೆಗೆ ದೋಷ ಎಂದು ಹೇಳಿ ಕೈಚೆಲ್ಲುತ್ತದೆ. ಡಿಡಿರೆಸ್ಕ್ಯೂ ಹಾಳಾದ ಭಾಗವನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹಾರಿ, ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಭಾಗಗಳಿಗೆ ಆಮೇಲೆ ಹಿಂದಿರುಗುತ್ತದೆ. ಯಾವ ಭಾಗ ಬಂದಿದೆ, ಯಾವುದು ಬಾಕಿ ಎಂಬುದನ್ನು ಮ್ಯಾಪ್ ಫೈಲ್ ಎಂಬ ಸಣ್ಣ ಪಠ್ಯ ಫೈಲಿನಲ್ಲಿ ಬರೆದಿಡುವುದರಿಂದ, ನಡುವೆ ಕರೆಂಟು ಹೋದರೂ ಅದೇ ಆಜ್ಞೆಯನ್ನು ಮತ್ತೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಇದು ಲಿನಕ್ಸ್‌ನಲ್ಲಿ ಓಡುವ ತಂತ್ರಾಂಶ. ಲಿನಕ್ಸ್ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಸಿಸ್ಟಮ್‌ರೆಸ್ಕ್ಯೂ ಎಂಬ ಉಚಿತ ವ್ಯವಸ್ಥೆಯನ್ನು ರೂಫಸ್ ಎಂಬ ತಂತ್ರಾಂಶ ಬಳಸಿ ಒಂದು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಕಂಪ್ಯೂಟರನ್ನು ಬೂಟ್ ಮಾಡಿದರೆ ಸಾಕು. ಡಿಡಿರೆಸ್ಕ್ಯೂ ಮಾತ್ರವಲ್ಲದೆ ಮುಂದೆ ಬೇಕಾಗುವ ಟೆಸ್ಟ್‌ಡಿಸ್ಕ್, ಫೋಟೊರೆಕ್‌ಗಳೂ ಅದರಲ್ಲಿಯೇ ಇವೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್‌ಗಳಲ್ಲಿ) ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಾಗೆ ಮಾಡಿದಾಗ ಮರಳಿ ವಿಂಡೋಸ್‌ಗೆ ಬರುವ ಹೊತ್ತಿಗೆ ಬಿಟ್‌ಲಾಕರ್ ಕೀಲಿ ಕೇಳುವ ಸಂಭವವಿದೆ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಈ ಕೆಲಸಕ್ಕೆ ಅದೇ ವಾಸಿ.

ಬೂಟ್ ಆದ ಮೇಲೆ ಎರಡೂ ಡಿಸ್ಕ್‌ಗಳನ್ನು ಜೋಡಿಸಿ, ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಕೊಟ್ಟರೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಎಸ್‌ಡಿಬಿ, ಎಸ್‌ಡಿಸಿ ಎಂಬಂಥ ಹೆಸರುಗಳ ಪಕ್ಕದಲ್ಲಿರುವ ಗಾತ್ರವನ್ನು ನೋಡಿ ಯಾವುದು ಕೆಟ್ಟದ್ದು, ಯಾವುದು ಹೊಸದು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಎರಡು ಡಿಸ್ಕ್‌ಗಳ ಗಾತ್ರ ಬೇರೆ ಬೇರೆಯಾಗಿರುವುದು ಇಲ್ಲಿ ದೊಡ್ಡ ಅನುಕೂಲ. ನಂತರ ಹೊಸ ಡಿಸ್ಕಿನ ಪಾರ್ಟಿಷನ್ನನ್ನು ಮಾತ್ರ ಮೌಂಟ್ ಆಜ್ಞೆಯಿಂದ ಎಂಎನ್‌ಟಿ (/mnt) ಎಂಬ ಫೋಲ್ಡರಿಗೆ ಸೇರಿಸಿ, ಆ ಫೋಲ್ಡರಿನೊಳಕ್ಕೆ ಹೋಗಿ. ಕೆಟ್ಟ ಡಿಸ್ಕನ್ನು ಮೌಂಟ್ ಮಾಡಬಾರದು.

ಈಗ ಡಿಡಿರೆಸ್ಕ್ಯೂ ಆಜ್ಞೆ. ಮೊದಲ ಸುತ್ತಿಗೆ ಆಜ್ಞೆಯ ಹೆಸರಿನ ಮುಂದೆ ಒಂದು ಅಡ್ಡಗೆರೆ ಮತ್ತು ಸಣ್ಣ ಎನ್ ಅಕ್ಷರ, ನಂತರ ಕೆಟ್ಟ ಡಿಸ್ಕಿನ ಹೆಸರು, ನಂತರ ಇಮೇಜಿಗೆ ನೀವು ಕೊಡುವ ಹೆಸರು, ಕೊನೆಯಲ್ಲಿ ಮ್ಯಾಪ್ ಫೈಲಿನ ಹೆಸರು, ಇದೇ ಅನುಕ್ರಮದಲ್ಲಿ ಬರಬೇಕು. ಡಿಸ್ಕಿನ ಹೆಸರಿಗೆ ಮೊದಲು ಡೆವ್ (/dev/) ಎಂಬ ದಾರಿ ಸೇರಬೇಕು, ಕೊನೆಯಲ್ಲಿ ಅಂಕಿ ಇರಬಾರದು. ಅಂಕಿ ಸೇರಿದರೆ ಇಡೀ ಡಿಸ್ಕಿನ ಬದಲು ಒಂದು ಪಾರ್ಟಿಷನ್ ಮಾತ್ರ ನಕಲಾಗುತ್ತದೆ. ಎಂಟರ್ ಒತ್ತುವ ಮೊದಲು ಕಾಗದದ ಮೇಲಿನ ಹೆಸರಿಗೂ ಪರದೆಯ ಮೇಲಿನ ಹೆಸರಿಗೂ ತಾಳೆ ನೋಡಿ. ಡಿಸ್ಕಿನಿಂದ ನೇರವಾಗಿ ಇನ್ನೊಂದು ಡಿಸ್ಕಿಗೆ ನಕಲು ಮಾಡುವ ವಿಧಾನವೂ ಇದೆ, ಆದರೆ ಅಲ್ಲಿ ಹೆಸರು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಹೊಸಬರಿಗೆ ಇಮೇಜ್ ಫೈಲಿನ ದಾರಿಯೇ ಸುರಕ್ಷಿತ.

ಆರೋಗ್ಯವಂತ ಡಿಸ್ಕು ಯುಎಸ್‌ಬಿ 3 ಪೋರ್ಟಿನಲ್ಲಿ ಸೆಕೆಂಡಿಗೆ ಸರಾಸರಿ 100 ಎಂಬಿ ಓದಿದರೆ 1 ಟಿಬಿಗೆ ಮೂರು ಗಂಟೆಯ ಹತ್ತಿರ ಬೇಕು. ಹಳೆಯ ಯುಎಸ್‌ಬಿ 2 ಪೋರ್ಟಾದರೆ ರಾತ್ರಿಯಿಡೀ ಬಿಡಬೇಕಾಗುತ್ತದೆ. ಹಾಳಾದ ಸೆಕ್ಟರ್‌ಗಳು ಹೆಚ್ಚಿದ್ದರೆ ದಿನಗಳೇ ಹಿಡಿಯಬಹುದು. ಡಿಸ್ಕ್ ಬಿಸಿಯಾಗದಂತೆ ಗಾಳಿಯಾಡುವ ಕಡೆ ಇಡಿ, ಯುಪಿಎಸ್ ಇದ್ದರೆ ಬಳಸಿ, ಮೇಜನ್ನು ಅಲುಗಿಸಬೇಡಿ. ಮೊದಲ ಸುತ್ತು ಮುಗಿದಾಗ ಶೇಕಡಾ 99ಕ್ಕಿಂತ ಹೆಚ್ಚು ಬಂದಿದ್ದರೆ ಮತ್ತು ಡಿಸ್ಕ್ ಶಾಂತವಾಗಿದ್ದರೆ, ಎನ್ ಬದಲು ಡಿ ಆಯ್ಕೆಯನ್ನೂ ಮೂರು ಮರುಪ್ರಯತ್ನಗಳಿಗಾಗಿ ಆರ್ ಅಕ್ಷರ ಮತ್ತು 3ನ್ನೂ ಹಾಕಿ ಅದೇ ಇಮೇಜು, ಅದೇ ಮ್ಯಾಪ್ ಫೈಲಿನೊಂದಿಗೆ ಎರಡನೆಯ ಸುತ್ತು ಓಡಿಸಿ. ವೇಗ ಎಲ್ಲ ಕಡೆಯೂ ಕೆಲವು ಕೆಬಿಗೆ ಕುಸಿದರೆ ಅಥವಾ ಟಕ್ ಟಕ್ ಸದ್ದು ಶುರುವಾದರೆ ನಿಲ್ಲಿಸಿ, ತಲೆಗಳು ಸೋಲುತ್ತಿವೆ.

ಲಿನಕ್ಸ್ ಬೇಡವೇ ಬೇಡ ಎನ್ನುವವರು, ಸ್ಮಾರ್ಟ್ ಸಂಖ್ಯೆಗಳು ಸೊನ್ನೆಯಾಗಿದ್ದರೆ ಮಾತ್ರ, ವಿಂಡೋಸ್‌ನಲ್ಲಿಯೇ ಡಿಎಂಡಿಇ ಅಥವಾ ಆರ್-ಸ್ಟುಡಿಯೊ ಎಂಬ ರಿಕವರಿ ತಂತ್ರಾಂಶದಲ್ಲಿರುವ ಇಮೇಜ್ ಸೌಲಭ್ಯವನ್ನು ಬಳಸಬಹುದು.

ಐದನೆಯ ಹೆಜ್ಜೆ: ಪ್ರತಿಯಿಂದ ಫೈಲ್‌ಗಳನ್ನು ಹೊರತೆಗೆಯುವುದು

ಇಮೇಜ್ ಸಿಕ್ಕಿದ ಮೇಲೆ ಮೂಲ ಡಿಸ್ಕನ್ನು ಬಿಡಿಸಿ, ಚೀಟಿ ಅಂಟಿಸಿ, ಕಪಾಟಿನಲ್ಲಿಡಿ. ಇಲ್ಲಿಂದ ಮುಂದೆ ತಪ್ಪು ಮಾಡಲು ನಿಮಗೆ ಸ್ವಾತಂತ್ರ್ಯವಿದೆ.

ಇಲ್ಲಿಯೂ ಒಂದು ಕ್ರಮವಿದೆ: ಹೆಸರು, ಫೋಲ್ಡರ್‌ಗಳ ಸಮೇತ ಬರುವ ದಾರಿಯನ್ನು ಮೊದಲು ಹಿಡಿಯಬೇಕು, ಹೆಸರಿಲ್ಲದೆ ಬರುವ ದಾರಿಯನ್ನು ಕೊನೆಗೆ ಬಿಡಬೇಕು. ಕ್ರಿಸ್ಟೋಫ್ ಗ್ರೆನಿಯೆ ಅವರು ರೂಪಿಸಿದ ಮುಕ್ತ ತಂತ್ರಾಂಶ ಟೆಸ್ಟ್‌ಡಿಸ್ಕ್ ಮೊದಲ ದಾರಿಯದು. ಅದಕ್ಕೆ ಇಮೇಜ್ ಫೈಲಿನ ಹೆಸರು ಕೊಟ್ಟು ತೆರೆದಾಗ, ಪಾರ್ಟಿಷನ್ ಕಳೆದಿದ್ದರೆ ಅನಲೈಸ್ ಆಯ್ಕೆಯೂ, ಪಾರ್ಟಿಷನ್ ಇದ್ದು ರಾ ಎಂದಿದ್ದರೆ ಅಡ್ವಾನ್ಸ್ಡ್ ಎಂಬ ಆಯ್ಕೆಯೂ ನೆರವಿಗೆ ಬರುತ್ತವೆ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ, ಅಂದರೆ ಮೊದಲ ಸೆಕ್ಟರಿನ, ಒಂದು ನಕಲನ್ನು ಪಾರ್ಟಿಷನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಎಕ್ಸ್‌ಫ್ಯಾಟ್ ಕೂಡ ಆರಂಭದ ಸೆಕ್ಟರ್‌ಗಳ ನಕಲನ್ನು ಅವುಗಳ ಬೆನ್ನಿಗೇ ಇಟ್ಟಿರುತ್ತದೆ. ಕೆಟ್ಟಿರುವುದು ಮೊದಲ ಸೆಕ್ಟರ್ ಮಾತ್ರವಾಗಿದ್ದರೆ, ಈ ನಕಲಿನಿಂದ ಅದನ್ನು ತುಂಬಿದ ಕೂಡಲೇ ಇಡೀ ಡಿಸ್ಕ್ ಹಿಂದಿನಂತೆ ತೆರೆದುಕೊಳ್ಳುವುದುಂಟು. ಪ್ರತಿಯ ಮೇಲೆಯಾದರೂ ತಿದ್ದುವ ಮೊದಲು ಫೈಲ್‌ಗಳ ಪಟ್ಟಿಯನ್ನು ತೋರಿಸುವ ಆಯ್ಕೆ ಒತ್ತಿ ನೋಡಿ. ಪಟ್ಟಿಯಲ್ಲಿ ನಿಮ್ಮ ಫೋಲ್ಡರ್‌ಗಳು ಕಂಡರೆ ದುರಸ್ತಿಯ ಗೋಜಿಗೇ ಹೋಗದೆ ಅಲ್ಲಿಂದಲೇ ನಕಲು ಮಾಡಿಕೊಳ್ಳಬಹುದು.

ಕಪ್ಪು ಪರದೆಯ ಟೆಸ್ಟ್‌ಡಿಸ್ಕ್ ಹಿಡಿಸದವರಿಗೆ, ಕೋಷ್ಟಕ ಹೆಚ್ಚು ಚೂರಾಗಿದ್ದವರಿಗೆ ಡಿಎಂಡಿಇ ಉತ್ತಮ. ಅದು ಇಡೀ ಇಮೇಜನ್ನು ಶೋಧಿಸಿ, ಉಳಿದಿರುವ ನಮೂದುಗಳಿಂದ ಫೋಲ್ಡರ್‌ಗಳ ಮರವನ್ನು ಮತ್ತೆ ಕಟ್ಟಲು ಯತ್ನಿಸುತ್ತದೆ. ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4000 ಫೈಲ್‌ಗಳವರೆಗೆ ಹೊರತೆಗೆಯಬಹುದು. ಮನೆಬಳಕೆಗೆ ಇದು ಸಾಕಾಗುವಷ್ಟಿದೆ. ಹಣ ಕೊಡಬೇಕಾದ ಯಾವುದೇ ತಂತ್ರಾಂಶವಾದರೂ, ಕೊಳ್ಳುವ ಮೊದಲು ಅದರ ಪ್ರಾಯೋಗಿಕ ಆವೃತ್ತಿಯಲ್ಲಿ ನಿಮ್ಮದೇ ಕೆಲವು ಫೋಟೊಗಳನ್ನು ತೆರೆದು ನೋಡಿ. ಫೈಲಿನ ಹೆಸರು ಪಟ್ಟಿಯಲ್ಲಿ ಕಂಡ ಮಾತ್ರಕ್ಕೆ ಒಳಗಿನ ವಿಷಯ ಸಿಕ್ಕಿದೆ ಎಂದಲ್ಲ.

ಎರಡೂ ಸೋತಾಗ ಫೋಟೊರೆಕ್. ಹೆಸರಿನಲ್ಲಿ ಫೋಟೊ ಇದ್ದರೂ ಇದು ನೂರಾರು ಬಗೆಯ ಫೈಲ್‌ಗಳನ್ನು ಗುರುತಿಸಬಲ್ಲದು. ಇದು ಕೋಷ್ಟಕವನ್ನು ನೋಡುವುದೇ ಇಲ್ಲ. ಪ್ರತಿ ಬಗೆಯ ಫೈಲಿನ ಆರಂಭದಲ್ಲಿರುವ ವಿಶಿಷ್ಟ ಗುರುತನ್ನು ಹುಡುಕಿ, ಅಲ್ಲಿಂದ ಮುಂದಿನ ಭಾಗವನ್ನು ಕತ್ತರಿಸಿ ಹೊರಗಿಡುತ್ತದೆ. ಆದ್ದರಿಂದ ಹೆಸರುಗಳು, ಫೋಲ್ಡರ್‌ಗಳು ಹೋಗುತ್ತವೆ, ಸಾವಿರಾರು ಫೈಲ್‌ಗಳು ಸಂಖ್ಯೆಗಳ ಹೆಸರಿನಲ್ಲಿ ಬಂದು ಬೀಳುತ್ತವೆ. ಕ್ಯಾಮೆರಾದ ಫೋಟೊಗಳಲ್ಲಿ ತೆಗೆದ ದಿನಾಂಕ ಒಳಗೇ ಇರುವುದರಿಂದ ಅವನ್ನು ಮತ್ತೆ ವಿಂಗಡಿಸಬಹುದು. ವಾಟ್ಸ್‌ಆ್ಯಪ್‌ನಿಂದ ಬಂದ ಫೋಟೊಗಳ ಗತಿ ಬೇರೆ: ಅವುಗಳ ದಿನಾಂಕ ಹೆಸರಿನಲ್ಲಿ ಮಾತ್ರ ಇರುತ್ತದೆ, ಹೆಸರು ಹೋದರೆ ದಿನಾಂಕವೂ ಹೋದಂತೆ. ದೊಡ್ಡ ವಿಡಿಯೊಗಳಲ್ಲಿ ಇನ್ನೊಂದು ತೊಡಕಿದೆ. ಡಿಸ್ಕಿನ ಬೇರೆ ಬೇರೆ ಕಡೆ ತುಂಡಾಗಿ ಕೂತಿರುವ ವಿಡಿಯೊವನ್ನು ಈ ವಿಧಾನ ಜೋಡಿಸಲಾರದು. ಎಷ್ಟೋ ಕ್ಯಾಮೆರಾಗಳು ಎಂಪಿ4 ಫೈಲಿನ ಸೂಚಿಯನ್ನು ಕೊನೆಯಲ್ಲಿ ಬರೆಯುವುದರಿಂದ, ಆ ಕೊನೆಯ ತುಂಡು ತಪ್ಪಿದರೆ ಹಲವು ಜಿಬಿ ಗಾತ್ರದ ವಿಡಿಯೊ ಬಂದರೂ ಓಡುವುದಿಲ್ಲ. ಮದುವೆ ವಿಡಿಯೊ ಮಾಡುವವರು ಆದ್ದರಿಂದ ಹೆಸರು ಸಮೇತ ಬರುವ ದಾರಿಯನ್ನು ಸುಲಭವಾಗಿ ಬಿಟ್ಟುಕೊಡಬಾರದು.

ಬಂದದ್ದು ನಿಜಕ್ಕೂ ಬಂದಿದೆಯೇ?

ಫೋಲ್ಡರಿನಲ್ಲಿ ಚಿತ್ರಗಳ ಸಣ್ಣ ಮಾದರಿಗಳು ಕಂಡವೆಂದು ನಂಬಬೇಡಿ. ಎಷ್ಟೋ ಫೋಟೊಗಳಲ್ಲಿ ಸಣ್ಣ ಮಾದರಿ ಬೇರೆಯಾಗಿ ಅಡಕವಾಗಿರುತ್ತದೆ; ಅದು ಚೆನ್ನಾಗಿದ್ದು ಪೂರ್ಣ ಚಿತ್ರದ ಕೆಳಗಿನ ಅರ್ಧ ಬೂದು ಬಣ್ಣಕ್ಕೆ ತಿರುಗಿರಬಹುದು. ಪ್ರತಿ ಫೋಲ್ಡರಿನಿಂದ ಕೆಲವನ್ನು ಪೂರ್ಣ ಗಾತ್ರದಲ್ಲಿ ತೆರೆಯಿರಿ, ವಿಡಿಯೊಗಳನ್ನು ನಡುವಿಗೂ ಕೊನೆಗೂ ಎಳೆದು ನೋಡಿ, ಜಿಪ್ ಫೈಲ್‌ಗಳನ್ನು ಬಿಚ್ಚಿ ನೋಡಿ. ಡಿಡಿರೆಸ್ಕ್ಯೂ ಓದಲಾರದೆ ಬಿಟ್ಟ ಜಾಗಗಳು ಇಮೇಜಿನಲ್ಲಿ ಸೊನ್ನೆಗಳಾಗಿ ಉಳಿದಿರುತ್ತವೆ. ಆ ಜಾಗಗಳಿಗೆ ಗುರುತಿನ ಪದವೊಂದನ್ನು ತುಂಬುವ ಸೌಲಭ್ಯ ಡಿಡಿರೆಸ್ಕ್ಯೂನಲ್ಲಿಯೇ ಇದೆ. ಇಮೇಜಿನ ಮೇಲೆ ಅದನ್ನು ಓಡಿಸಿ, ಹೊರತೆಗೆದ ಫೈಲ್‌ಗಳಲ್ಲಿ ಆ ಪದವನ್ನು ಹುಡುಕಿದರೆ, ಯಾವ ಫೈಲ್‌ಗಳಿಗೆ ಪೆಟ್ಟು ಬಿದ್ದಿದೆ ಎಂಬುದರ ನಿಖರ ಪಟ್ಟಿಯೇ ಸಿಗುತ್ತದೆ.

ಕನ್ನಡದ ಹಳೆಯ ದಾಖಲೆಗಳ ಬಗ್ಗೆ ಒಂದು ಮಾತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಅಥವಾ ಶ್ರೀಲಿಪಿಯಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು ಯುನಿಕೋಡ್ ಅಲ್ಲ. ಅವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪೌಂಡ್ ಚಿಹ್ನೆ, ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಕಂಡು ಫೈಲ್ ಹಾಳಾಗಿದೆಯೆಂದು ಅಳಿಸಿಬಿಡಬೇಡಿ. ಸಂಬಂಧಪಟ್ಟ ಫಾಂಟನ್ನು ಇನ್‌ಸ್ಟಾಲ್ ಮಾಡಿ ಮತ್ತೆ ತೆರೆಯಿರಿ. ಆಗಲೂ ಅಸ್ತವ್ಯಸ್ತವಾಗಿದ್ದರೆ ಮಾತ್ರ ಅದು ಹಾನಿ.

ಪ್ರಯೋಗಾಲಯಕ್ಕೆ ಒಯ್ಯಬೇಕಾದಾಗ

ಯಂತ್ರದ ದೋಷವಿದ್ದಾಗ ಡಿಸ್ಕನ್ನು ಧೂಳಿಲ್ಲದ ಕ್ಲೀನ್ ರೂಮಿನಲ್ಲಿ ತೆರೆದು, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ತಲೆಗಳನ್ನು ತಂದು ಜೋಡಿಸಿ, ಆಮೇಲೆ ಪ್ರತಿ ತೆಗೆಯಬೇಕಾಗುತ್ತದೆ. ಇದು ಮನೆಯ ಮೇಜಿನ ಮೇಲೆ ಆಗುವ ಕೆಲಸವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಹುಡುಕಿದರೆ ಅದೇ ಮಾದರಿಯ ಸರ್ಕ್ಯೂಟ್ ಬೋರ್ಡ್ ಸಿಗಬಹುದು, ಆದರೆ ಬೋರ್ಡ್ ಬದಲಿಸಿದ ಮಾತ್ರಕ್ಕೆ ಇಂದಿನ ಡಿಸ್ಕ್ ಎದ್ದು ನಿಲ್ಲುವುದಿಲ್ಲ. ಆಯಾ ಡಿಸ್ಕಿಗೆ ಮಾತ್ರ ಹೊಂದುವ ಮಾಹಿತಿ ಬೋರ್ಡಿನ ಮೇಲಿನ ಸಣ್ಣ ರೋಮ್ ಚಿಪ್ಪಿನಲ್ಲಿ ಇರುವುದರಿಂದ ಅದನ್ನೂ ಹಳೆಯ ಬೋರ್ಡಿನಿಂದ ಹೊಸದಕ್ಕೆ ವರ್ಗಾಯಿಸಬೇಕು. ಹೊರಕವಚ ಬಿಚ್ಚಿ ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸುವ ಉಪಾಯವೂ ಎಲ್ಲದಕ್ಕೂ ನಡೆಯುವುದಿಲ್ಲ: ವೆಸ್ಟರ್ನ್ ಡಿಜಿಟಲ್‌ನ ಮೈ ಪಾಸ್‌ಪೋರ್ಟ್‌ನ ಹಲವು ಮಾದರಿಗಳಲ್ಲಿ ಯುಎಸ್‌ಬಿ ಕನೆಕ್ಟರ್ ಬೋರ್ಡಿಗೇ ಬೆಸೆದಿರುತ್ತದೆ, ಮತ್ತು ಪಾಸ್‌ವರ್ಡ್ ಹಾಕಿರದಿದ್ದರೂ ಡೇಟಾ ಆ ಬೋರ್ಡಿನ ಚಿಪ್ಪಿನ ಮೂಲಕ ಎನ್‌ಕ್ರಿಪ್ಟ್ ಆಗಿರುತ್ತದೆ. ಅಂಥ ಡಿಸ್ಕಿನ ಹಳೆಯ ಬೋರ್ಡನ್ನು ಎಸೆಯುವುದೆಂದರೆ ಕೀಲಿಯನ್ನೇ ಎಸೆದಂತೆ.

ಪ್ರಯೋಗಾಲಯಕ್ಕೆ ಕೊಡುವ ಮೊದಲು ಕೆಲವು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ: ಡಿಸ್ಕನ್ನು ಅಲ್ಲಿಯೇ ತೆರೆಯುತ್ತಾರೆಯೇ ಅಥವಾ ಬೇರೆಡೆಗೆ ಕಳುಹಿಸುತ್ತಾರೆಯೇ, ತಪಾಸಣೆಗೆ ಎಷ್ಟು, ಡೇಟಾ ಬಾರದಿದ್ದರೂ ಕೊಡಬೇಕಾದ ಮೊತ್ತವಿದೆಯೇ, ಹಣ ಕಟ್ಟುವ ಮುಂಚೆ ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತಾರೆಯೇ, ಕೆಲಸ ಒಪ್ಪದಿದ್ದರೆ ಮೂಲ ಡಿಸ್ಕನ್ನು ಅದೇ ಸ್ಥಿತಿಯಲ್ಲಿ ಹಿಂದಿರುಗಿಸುತ್ತಾರೆಯೇ, ನಿಮ್ಮ ಡೇಟಾದ ಪ್ರತಿಯನ್ನು ಎಷ್ಟು ದಿನ ಇಟ್ಟುಕೊಂಡು ಅಳಿಸುತ್ತಾರೆ. ನೀವು ಈವರೆಗೆ ಏನೇನು ಮಾಡಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ, ಅದು ಅವರ ದಾರಿಯನ್ನು ನಿರ್ಧರಿಸುತ್ತದೆ. ನೀರಿಗೆ ಬಿದ್ದ ಡಿಸ್ಕನ್ನು ಬಿಸಿಲಿಗಿಟ್ಟು, ಹೇರ್ ಡ್ರೈಯರ್ ಹಿಡಿದು ಒಣಗಿಸದೆ, ವಿದ್ಯುತ್ ಕೊಡದೆ, ಹಾಗೆಯೇ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಿರಿ. ನೀರು ಒಣಗಿ ಲವಣದ ಪದರ ಉಳಿದರೆ ಕೆಲಸ ಕಠಿಣವಾಗುತ್ತದೆ. ವಾರಂಟಿ ಇದೆಯೆಂದು ಡಿಸ್ಕನ್ನು ಕಂಪನಿಗೆ ಕಳುಹಿಸಿದರೆ ಬದಲಿ ಡಿಸ್ಕ್ ಬರುತ್ತದೆ, ಒಳಗಿನ ಫೈಲ್‌ಗಳಲ್ಲ.

ಪೋರ್ಟಬಲ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಿರುವ ಡಿಸ್ಕ್) ಇರುವವರಿಗೆ ಮೇಲಿನ ಕೆಲವು ಆಶೆಗಳು ಅನ್ವಯಿಸುವುದಿಲ್ಲ. ಅಳಿಸಿದ ಅಥವಾ ಫಾರ್ಮ್ಯಾಟ್ ಆದ ಜಾಗವನ್ನು ಟ್ರಿಮ್ ಎಂಬ ಆಜ್ಞೆಯ ಮೂಲಕ ಅವು ಬೇಗನೆ ಖಾಲಿ ಮಾಡಿಬಿಡುತ್ತವೆ. ಎಸ್‌ಎಮ್‌ಆರ್ ತಂತ್ರದ (ತಟ್ಟೆಯ ಮೇಲಿನ ಸಾಲುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಚಾಚಿ ಬರೆಯುವ) ಇತ್ತೀಚಿನ ಕೆಲವು ಹಾರ್ಡ್ ಡಿಸ್ಕ್‌ಗಳೂ ಈ ಆಜ್ಞೆಯನ್ನು ಒಪ್ಪುತ್ತವೆ. ಅಲ್ಲಿ ಕ್ವಿಕ್ ಫಾರ್ಮ್ಯಾಟ್ ಕೂಡ ಮಾರಕವಾಗಬಹುದು.

ಕೆಲಸ ಮುಗಿದ ಮೇಲೆ ಹಳೆಯ ಡಿಸ್ಕು

ಹೊರತೆಗೆದ ಫೈಲ್‌ಗಳ ಎರಡು ಪ್ರತಿಗಳು ಎರಡು ಬೇರೆ ಡಿಸ್ಕ್‌ಗಳಲ್ಲಿ ಇರುವವರೆಗೆ ಹಳೆಯ ಡಿಸ್ಕನ್ನೂ ಇಮೇಜನ್ನೂ ಮುಟ್ಟಬೇಡಿ. ಬೇಕಾದ ಯಾವುದೋ ಫೋಲ್ಡರ್ ನೆನಪಾಗುವುದು ಸಾಮಾನ್ಯವಾಗಿ ವಾರಗಳ ನಂತರವೇ. ಆಮೇಲೆ, ಸ್ಮಾರ್ಟ್ ಸಂಖ್ಯೆಗಳು ಸೊನ್ನೆಯಾಗಿದ್ದರೆ ಡಿಸ್ಕನ್ನು ಒಮ್ಮೆ ಪೂರ್ಣ ಫಾರ್ಮ್ಯಾಟ್ ಮಾಡಿ, ಸಂಖ್ಯೆಗಳನ್ನು ಮತ್ತೆ ಪರೀಕ್ಷಿಸಿ, ಬದಲಾಗದಿದ್ದರೆ ಬಳಕೆಗೆ ತರಬಹುದು. ಸಿ5ರಲ್ಲೋ 05ರಲ್ಲೋ ಸಂಖ್ಯೆ ಏರಿದ ಡಿಸ್ಕನ್ನು ಸಿನಿಮಾ ಹಾಕಿಕೊಳ್ಳಲು ಕೂಡ ಇಟ್ಟುಕೊಳ್ಳುವುದು ಬೇಡ ಎಂದೇ ನನ್ನ ಸಲಹೆ, ಏಕೆಂದರೆ ಕಾಲಕ್ರಮೇಣ ಅದರಲ್ಲಿ ಸಿನಿಮಾ ಅಲ್ಲದ್ದೂ ಸೇರಿಕೊಳ್ಳುತ್ತದೆ. ವಿಲೇವಾರಿ ಮಾಡುವಾಗ, ಓದುವ ಸ್ಥಿತಿಯಲ್ಲಿದ್ದರೆ ಪೂರ್ಣ ಫಾರ್ಮ್ಯಾಟ್ ಮಾಡಿ, ಇಲ್ಲದಿದ್ದರೆ ಕವಚ ಬಿಚ್ಚಿ ತಟ್ಟೆಗಳನ್ನು ಹಾಳುಗೆಡವಿ, ಗುಜರಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ತಟ್ಟೆಗಳು ಗಾಜಿನವಾಗಿರುವುದು 2.5 ಇಂಚಿನ ಡಿಸ್ಕ್‌ಗಳಲ್ಲಿ ಸಾಮಾನ್ಯವಾದ್ದರಿಂದ ಹಾಗೆ ಮಾಡುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ.